ಹಳೆ ಫರ್ನೇಸ್, ಹಳೆ ಎಸಿ: ಹೊಸದಕ್ಕೆ ಸಹಿ ಹಾಕುವ ಮುಂಚೆ ಮನೆ ಅಳೆಸಿ

ಪ್ರಶ್ನೆ: ಸರ್, ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮನೆ 1999ರಲ್ಲಿ ಕಟ್ಟಿದ್ದು, ಎರಡು ಅಂತಸ್ತು, ಸುಮಾರು 2,200 ಚದರ ಅಡಿ. ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಬೇಸ್‌ಮೆಂಟಿನ ಗ್ಯಾಸ್ ಫರ್ನೇಸ್ ಮನೆಯಷ್ಟೇ ಹಳೆಯದು. ಎಸಿ 2007ರದು. ಈ ಜುಲೈನಲ್ಲಿ ಎಸಿ ಸರಿಯಾಗಿ ತಂಪು ಮಾಡುತ್ತಿಲ್ಲ. ನೋಡಲು ಬಂದವರು ಕಾಯಿಲ್ ಸೋರುತ್ತಿದೆ, ಎಸಿಯೊಳಗೆ ತಂಪು ಮಾಡುವ ಆರ್-22 ಗ್ಯಾಸ್ ತುಂಬಾ ದುಬಾರಿ, ಫರ್ನೇಸಿನ ಹೀಟ್ ಎಕ್ಸ್‌ಚೇಂಜರ್ ಕೂಡ ಬಿರುಕು ಬಿಟ್ಟಿದೆ ಎಂದು ಹೇಳಿ ಎರಡಕ್ಕೂ ಸೇರಿಸಿ 18,500 ಡಾಲರ್ ಕೇಳಿದರು. ಇವತ್ತೇ ಸಹಿ ಹಾಕಿದರೆ 1,500 ಕಡಿಮೆಯಂತೆ. ಇನ್ನೊಬ್ಬರು 12,900 ಹೇಳಿದ್ದಾರೆ. ಮೂರನೆಯವರು ಗ್ಯಾಸೇ ಬೇಡ, ಹೀಟ್ ಪಂಪ್ ಹಾಕಿಸಿ ಎನ್ನುತ್ತಾರೆ. ಮಹಡಿ ಮೇಲೆ ಮೊದಲಿನಿಂದಲೂ ಸೆಕೆ, ಕೆಳಗೆ ಥಂಡಿ. ನವೆಂಬರ್‌ನಲ್ಲಿ ಅಪ್ಪ-ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಯಾರ ಮಾತು ಕೇಳಬೇಕು?

ಉತ್ತರ: ನಮಸ್ಕಾರ. ಎರಡನ್ನೂ ಬದಲಿಸಬೇಕಾ ಅಂದರೆ, ಹೌದು. ಈ ವಾರವೇ ಬದಲಿಸಬೇಕಾ ಅಂದರೆ, ಬೇಡ. ಯಾರ ಮಾತು ಕೇಳಬೇಕು ಅಂದರೆ, ಸದ್ಯಕ್ಕೆ ಮೂವರದ್ದೂ ಬೇಡ.

ನೀವು ಕಳಿಸಿದ ಮೂರೂ ಕೊಟೇಷನ್ ಓದಿದೆ. ಬೆಲೆ ಬೇರೆ, ಬ್ರ್ಯಾಂಡ್ ಬೇರೆ. ಆದರೆ ತಂಪು ಮಾಡುವ ಶಕ್ತಿ ಮೂವರೂ ನಾಲ್ಕು ಟನ್ ಅಂತಲೇ ಬರೆದಿದ್ದಾರೆ. ಫರ್ನೇಸ್ ಹೇಳಿದ ಇಬ್ಬರೂ 1,00,000 ಬಿಟಿಯು (ಗಂಟೆಗೆ ಉರಿಸುವ ಶಾಖದ ಅಳತೆ) ಅಂತ ಬರೆದಿದ್ದಾರೆ. ಈ ಅಂಕಿ ಎಲ್ಲಿಂದ ಬಂತು? ಹಳೆ ಪೆಟ್ಟಿಗೆಯ ಮೇಲಿನ ಲೇಬಲ್‌ನಿಂದ. ಕಿಟಕಿ ಎಷ್ಟಿವೆ, ಯಾವ ದಿಕ್ಕಿಗಿವೆ, ಚಾವಣಿ ಕೆಳಗಿನ ಆಟಿಕ್‌ನಲ್ಲಿ ಶಾಖ ತಡೆಯುವ ಇನ್ಸುಲೇಷನ್ ಎಷ್ಟಿದೆ ಎಂದು ಒಬ್ಬರೂ ನೋಡಿಲ್ಲ. ಹಳೆ ಅಂಗಿ ಇಟ್ಟುಕೊಂಡು ಹೊಸ ಅಂಗಿ ಹೊಲಿಯುವ ದರ್ಜಿಯ ಕೆಲಸ ಇದು. ಹಳೆಯದು ಮೊದಲೇ ದೊಗಳೆಯಾಗಿದ್ದರೆ ಹೊಸದೂ ದೊಗಳೆಯೇ.

ಆದರೆ ಅದಕ್ಕೆ ಮುಂಚೆ ಒಂದು ಅರ್ಜೆಂಟ್ ವಿಷಯ. ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ ಅನ್ನುವುದು ನಿಜವಾದರೆ ಅದು ಆಟದ ಮಾತಲ್ಲ. ಒಳಗೆ ಬೆಂಕಿ, ಹೊರಗೆ ನೀವು ಉಸಿರಾಡುವ ಗಾಳಿ, ನಡುವೆ ಇರುವುದು ಆ ಲೋಹದ ಗೋಡೆ ಮಾತ್ರ. ಅದು ಒಡೆದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಸೇರಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಾಗಂತ ಹೇಳಿದವರ ಬಾಯಿಮಾತನ್ನೇ ನಂಬಿ ಅಂತಲೂ ನಾನು ಹೇಳುವುದಿಲ್ಲ. ಮಾರಾಟಕ್ಕೆ ಬಂದವರು ಅತಿ ಹೆಚ್ಚು ಹೇಳುವ ಮಾತೂ ಇದೇ. ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ಬಿರುಕಿನ ಫೋಟೋ ತೆಗೆದು ತೋರಿಸಿ ಅನ್ನಿ. ಫರ್ನೇಸ್ ಹಚ್ಚಿ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ಅಳೆದು ಬರೆದು ಕೊಡಿ ಅನ್ನಿ. ಫೋಟೋ ಇಲ್ಲ ಅಂದರೆ ಇನ್ನೊಬ್ಬರಿಂದ ನೋಡಿಸಿ. ಬಿರುಕು ಕಣ್ಣಿಗೆ ಕಂಡರೆ ಆ ಫರ್ನೇಸನ್ನು ಮತ್ತೆ ಹಚ್ಚಬೇಡಿ. ಜುಲೈ ತಾನೆ, ಹೀಟಿಂಗ್ ಬೇಕಾಗಿಲ್ಲ. ನಿಮಗೆ ಸಮಯವಿದೆ. ಇವತ್ತೇ ಮಾಡಬೇಕಾದ್ದು ಪ್ರತಿ ಅಂತಸ್ತಿನಲ್ಲೂ, ಮಲಗುವ ಕೋಣೆಗಳ ಹತ್ತಿರವೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ, ಅದರ ಅವಧಿ ಮುಗಿದಿದೆಯಾ ಎಂದು ನೋಡುವುದು. ಹಿಂದೆ ತಾರೀಖು ಬರೆದಿರುತ್ತದೆ.

ಎಸಿ ವಿಷಯದಲ್ಲಿ ನಿಮಗೆ ಹೇಳಿದ್ದು ಸರಿ. ಅಮೆರಿಕದಲ್ಲಿ ಆರ್-22 ತಯಾರಿಕೆ, ಆಮದು ಎರಡೂ 2020ರ ಜನವರಿ 1ಕ್ಕೆ ನಿಂತುಹೋದವು. ಈಗ ಸಿಗುವುದು ಹಳೆ ಸ್ಟಾಕ್, ಇಲ್ಲವೇ ಹಳೆ ಮೆಷಿನ್‌ಗಳಿಂದ ತೆಗೆದು ಶುದ್ಧ ಮಾಡಿದ್ದು. ಸೋರುವ ಕಾಯಿಲ್‌ಗೆ ಅದನ್ನು ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊಯ್ದಂತೆ. ಹತ್ತೊಂಬತ್ತು ವರ್ಷ ದುಡಿದಿದೆ, ಸಾಕು ಬಿಡಿ. ಹೊಸದು ಬರುವವರೆಗೆ ಮಲಗುವ ಕೋಣೆಗೆ ಒಂದು ಕಿಟಕಿ ಎಸಿ ತಂದು ಹಾಕಿ. ಆ ಇನ್ನೂರು-ಮುನ್ನೂರು ಡಾಲರ್ ಖರ್ಚು ಅಂತ ಅಂದುಕೊಳ್ಳಬೇಡಿ, ಅದರಿಂದ ನೀವು ಕೊಳ್ಳುವುದು ಎರಡು ತಿಂಗಳ ಪುರುಸೊತ್ತು. ಸೆಕೆಯಲ್ಲಿ ಬೇಯುತ್ತಾ ಕೂತವರು ಮಾಡುವ ವ್ಯಾಪಾರ ಯಾವತ್ತೂ ಚೆನ್ನಾಗಿರುವುದಿಲ್ಲ. ಇವತ್ತೇ ಸಹಿ ಹಾಕಿದರೆ ಕಡಿಮೆ ಅನ್ನುವವರಿಗೆ ಅದು ಚೆನ್ನಾಗಿ ಗೊತ್ತು. ಆ ರಿಯಾಯಿತಿ ನಾಳೆಯೂ ಇರುತ್ತದೆ.

ಈಗ ಅಳತೆಗೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೇ ಅಡುಗೆಮನೆ ಟೇಬಲ್ ಮೇಲೆ ಕೂತು ಮಾಡಬಹುದಾದ ಲೆಕ್ಕ ಇದು.

ಜನವರಿ ತಿಂಗಳ ಗ್ಯಾಸ್ ಬಿಲ್ ತೆಗೆಯಿರಿ. ಎಷ್ಟು ಥರ್ಮ್ ಉರಿದಿದೆ ಎಂದು ಅದರಲ್ಲೇ ಇರುತ್ತದೆ. 200 ಥರ್ಮ್ ಎಂದಿಟ್ಟುಕೊಳ್ಳಿ. ಜುಲೈ ಬಿಲ್ಲಿನಲ್ಲಿ 20 ಇದ್ದರೆ, ಅದು ಸ್ನಾನದ ನೀರು ಮತ್ತು ಒಲೆಯದು. ಕಳೆಯಿರಿ. ಮನೆ ಬಿಸಿ ಮಾಡಲು ಹೋದದ್ದು 180 ಥರ್ಮ್. ಒಂದು ಥರ್ಮ್ ಅಂದರೆ 1,00,000 ಬಿಟಿಯು. ನಿಮ್ಮ ಹಳೆ ಫರ್ನೇಸ್ 80 ಶೇಕಡಾದ್ದು, ಅಂದರೆ ನೂರರಲ್ಲಿ ಇಪ್ಪತ್ತು ಚಿಮಣಿಯಲ್ಲಿ ಹೋಯಿತು. ಉಳಿದದ್ದು 1 ಕೋಟಿ 44 ಲಕ್ಷ ಬಿಟಿಯು. ಇನ್ನು ಆ ತಿಂಗಳು ಎಷ್ಟು ಚಳಿ ಇತ್ತು ಅನ್ನುವುದಕ್ಕೆ ಡಿಗ್ರಿ ಡೇ ಎಂಬ ಲೆಕ್ಕ ಇದೆ. ದಿನದ ಸರಾಸರಿ ತಾಪಮಾನ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿತ್ತೋ ಅಷ್ಟು, ತಿಂಗಳಿಡೀ ಕೂಡಿಸಿದ್ದು. ನಿಮ್ಮ ಕಡೆ ಜನವರಿಯಲ್ಲಿ ಇದು ಸಾಮಾನ್ಯವಾಗಿ ಸಾವಿರದ ಆಸುಪಾಸು. 1 ಕೋಟಿ 44 ಲಕ್ಷವನ್ನು ಸಾವಿರದಿಂದ ಭಾಗಿಸಿ, ಮತ್ತೆ 24 ಗಂಟೆಯಿಂದ ಭಾಗಿಸಿ. 600 ಬರುತ್ತದೆ. ಅಂದರೆ ಹೊರಗೆ ಒಂದೊಂದು ಡಿಗ್ರಿ ಇಳಿದ ಹಾಗೆಲ್ಲ ನಿಮ್ಮ ಮನೆ ಗಂಟೆಗೆ 600 ಬಿಟಿಯು ಕಳೆದುಕೊಳ್ಳುತ್ತದೆ. ಹೊರಗೆ 10 ಡಿಗ್ರಿ ಇರುವ ಕೊರೆಯುವ ರಾತ್ರಿಗೆ 55 ಡಿಗ್ರಿ ವ್ಯತ್ಯಾಸ. 55 ಸಲ 600, ಅಂದರೆ 33,000 ಬಿಟಿಯು.

ನಿಮ್ಮ ಬೇಸ್‌ಮೆಂಟಿನಲ್ಲಿ ಕೂತಿರುವ ಒಂದು ಲಕ್ಷದ ಪೆಟ್ಟಿಗೆ, 80 ಶೇಕಡಾ ಲೆಕ್ಕದಲ್ಲಿ, ಕೊಡುವುದು 80,000! ಬೇಕಾದದ್ದಕ್ಕಿಂತ ಎರಡೂವರೆ ಪಾಲು ಹತ್ತಿರ.

ನಿಮ್ಮ ಬಿಲ್ಲಿನ ಅಂಕಿ ಬೇರೆ ಇರುತ್ತದೆ, ನಾನು ಹೇಳಿದ್ದು ಉದಾಹರಣೆ. ಇದನ್ನು ಇನ್ನೊಂದು ದಾರಿಯಲ್ಲೂ ತಾಳೆ ನೋಡಬಹುದು. ಥರ್ಮೋಸ್ಟಾಟ್ ಸ್ಮಾರ್ಟ್ ಆಗಿದ್ದರೆ ಹೋದ ಚಳಿಗಾಲದ ಲೆಕ್ಕ ಅದರಲ್ಲಿ ಇದ್ದೀತು. ಅತಿ ಚಳಿಯ ರಾತ್ರಿ ಗಂಟೆಗೆ 25 ನಿಮಿಷ ಮಾತ್ರ ಫರ್ನೇಸ್ ಉರಿದಿದ್ದರೆ, 80,000ದಲ್ಲಿ ಅಷ್ಟು ಪಾಲು ಅಂದರೆ 33,000 ಚಿಲ್ಲರೆ. ಎರಡೂ ದಾರಿ ಒಂದೇ ಕಡೆ ಬಂದು ಸೇರಿದರೆ ನಿಮ್ಮ ಲೆಕ್ಕ ಗಟ್ಟಿ. ಕಾಂಟ್ರಾಕ್ಟರ್ ಮಾಡಬೇಕಾದ ಪೂರ್ತಿ ಲೆಕ್ಕಕ್ಕೆ ಮ್ಯಾನ್ಯುಯಲ್ ಜೆ ಎಂದು ಹೆಸರು. ಅದನ್ನು ಕೋಣೆ ಕೋಣೆಗೂ ಮಾಡಿ ಕಾಗದದಲ್ಲಿ ಕೊಡುವವರನ್ನು ಹುಡುಕಿ. ಅದಕ್ಕೆ ಪ್ರತ್ಯೇಕ ಫೀಸು ಕೇಳಿದರೂ ಕೊಡಿ. ನಿಮ್ಮ ಲೆಕ್ಕ ಕೈಯಲ್ಲಿದ್ದರೆ ಅವರದ್ದು ಸರಿಯಿದೆಯಾ ಎಂದು ನಿಮಗೆ ಗೊತ್ತಾಗುತ್ತದೆ.

ದೊಡ್ಡದಿದ್ದರೆ ಏನು ನಷ್ಟ, ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡು ಕೆಟ್ಟವನೇ. 2009ರಲ್ಲಿ ನನ್ನ ಸ್ವಂತ ಮನೆಗೆ ಮೂರು ಟನ್ ತೆಗೆದು ನಾಲ್ಕು ಟನ್ ಎಸಿ ಹಾಕಿದೆ. ಹಗಲೆಲ್ಲ ಬೇರೆಯವರ ಮನೆ ಲೆಕ್ಕ ಮಾಡುವವನು ನನ್ನ ಮನೆಗೆ ಬಂದಾಗ ಸೋಮಾರಿಯಾದೆ. ಮೆಷಿನ್ ಎಂಟು ನಿಮಿಷ ಓಡುವುದು, ನಿಲ್ಲುವುದು. ಥರ್ಮೋಸ್ಟಾಟ್ 74 ತೋರಿಸುತ್ತಿತ್ತು, ಆದರೆ ಮೈ ಅಂಟಂಟು. ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರೊಡೆಯುತ್ತಿತ್ತು. ಕರಿದ ಹಪ್ಪಳ ಊಟಕ್ಕೆ ಕೂರುವಷ್ಟರಲ್ಲಿ ಮೆತ್ತಗೆ. ಎಸಿಯ ಕಾಯಿಲ್ ತಣ್ಣಗಾಗಿ ಗಾಳಿಯ ತೇವ ಹನಿಯಾಗಿ ಕೆಳಗಿಳಿಯಲು ಹೊತ್ತು ಬೇಕು. ಅಷ್ಟರೊಳಗೆ ಮೆಷಿನ್ ನಿಂತರೆ ಆ ತೇವ ಮತ್ತೆ ಗಾಳಿಗೇ ವಾಪಸ್. ನ್ಯೂಜೆರ್ಸಿಯ ಜುಲೈ ಗೊತ್ತಲ್ಲ, ಮಂಗಳೂರಿನ ಮೇ ತಿಂಗಳಿಗೆ ಅಣ್ಣ-ತಮ್ಮ. ಅಲ್ಲಿ ತಂಪಿಗಿಂತ ತೇವ ತೆಗೆಯುವುದೇ ದೊಡ್ಡ ಕೆಲಸ. ಅಳತೆಗೆ ಸರಿಯಾದ ಎಸಿ ಅತಿ ಸೆಕೆಯ ಮಧ್ಯಾಹ್ನ ಹೆಚ್ಚು ಕಡಿಮೆ ನಿಲ್ಲದೆ ಓಡಬೇಕು. ಓಡುತ್ತಿದೆ ಅಂದರೆ ಕೆಟ್ಟಿದೆ ಅಂತಲ್ಲ.

ನಿಮ್ಮ ಮಹಡಿಯ ಸೆಕೆಗೂ ಇದಕ್ಕೂ ಸಂಬಂಧ ಇದೆ. ನಾಲ್ಕು ಟನ್ ಎಸಿಗೆ ನಿಮಿಷಕ್ಕೆ ಸುಮಾರು 1,600 ಘನ ಅಡಿ ಗಾಳಿ ಬೇಕು, ಟನ್‌ಗೆ 400ರಂತೆ. ಕೋಣೆಗಳಿಗೆ ಗಾಳಿ ಒಯ್ಯುವ ನಿಮ್ಮ ಡಕ್ಟ್‌ಗಳಲ್ಲಿ ಅಷ್ಟು ಹೋಗುತ್ತದೆಯಾ? ಇಂಥ ಎಷ್ಟೋ ಮನೆಗಳಲ್ಲಿ ಹೋಗುವುದಿಲ್ಲ. ಒಂದು ಸಣ್ಣ ಮೀಟರ್‌ನಿಂದ ಡಕ್ಟಿನ ಒತ್ತಡ ಅಳೆಯುತ್ತಾರೆ. ಸಾಮಾನ್ಯ ಫರ್ನೇಸ್‌ಗಳು ಅರ್ಧ ಇಂಚು ನೀರಿನ ಒತ್ತಡಕ್ಕೆ ಮಾಡಿದವು. 0.8, 0.9 ಬಂತು ಅಂದರೆ ಗಾಳಿ ತಳ್ಳುವ ಬ್ಲೋವರ್ ಮೂಗು ಹಿಡಿದುಕೊಂಡು ಓಡುತ್ತಿದೆ ಅಂತ. ಕಾಂಟ್ರಾಕ್ಟರ್ ಈ ಅಳತೆ ಮಾಡದೆ ಹೋದರೆ, ಅವರು ಹೊಸ ಮೆಷಿನ್ ತಂದು ಹಳೆ ರೋಗಕ್ಕೆ ಕಟ್ಟಿ ಹೋಗುತ್ತಾರೆ. ಲೆಕ್ಕದಲ್ಲಿ ಮೂರು ಟನ್ ಸಾಕು ಎಂದು ಬಂದರೆ ಬೇಕಾದ ಗಾಳಿ 1,200ಕ್ಕೆ ಇಳಿಯಿತು. ಅದೇ ಡಕ್ಟ್ ಈಗ ಸಾಕಾಗಬಹುದು. ಗೋಡೆ ಒಡೆಯದೆ, ಪೆಟ್ಟಿಗೆ ಚಿಕ್ಕದು ಮಾಡಿದ್ದರಿಂದಲೇ ಡಕ್ಟ್ ದೊಡ್ಡದಾದ ಹಾಗೆ.

ಮಹಡಿ ಕೋಣೆಗಳಲ್ಲಿ ಗಾಳಿ ವಾಪಸ್ ಹೋಗುವ ಜಾಲರಿ ಇದೆಯಾ ನೋಡಿ. ಇಲ್ಲದಿದ್ದರೆ ಬಾಗಿಲು ಹಾಕಿದ ಕೂಡಲೇ ಗಾಳಿ ಬರುವುದೂ ನಿಲ್ಲುತ್ತದೆ. ಒಂದು ಊದುಬತ್ತಿ ಹಚ್ಚಿ ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಯಲ್ಲಿ ಹಿಡಿಯಿರಿ. ಹೊಗೆ ಜೋರಾಗಿ ಹೊರಗೆ ನುಗ್ಗಿದರೆ ಕೋಣೆಯ ಗಾಳಿಗೆ ದಾರಿ ಸಾಲದು ಎಂದರ್ಥ. ಆಮೇಲೆ ಅದೇ ಊದುಬತ್ತಿಯನ್ನು ಆಟಿಕ್ ಮುಚ್ಚಳದ ಅಂಚಿಗೂ ಹಿಡಿದು ನೋಡಿ. 1999ರ ಮನೆಯ ಆಟಿಕ್‌ನಲ್ಲಿ ಇನ್ಸುಲೇಷನ್ ಈಗಿನ ಲೆಕ್ಕಕ್ಕೆ ಕಡಿಮೆಯೇ ಇರುತ್ತದೆ. ಮೊದಲು ಸಂದಿಗಳನ್ನು ಮುಚ್ಚಿಸಿ, ಆಮೇಲೆ ಆರ್-49 (ಇಲ್ಲಿ ಆರ್ ಅಂದರೆ ಶಾಖ ತಡೆಯುವ ಶಕ್ತಿ, ಗ್ಯಾಸಿನ ಹೆಸರಲ್ಲ) ಅಥವಾ ಅದಕ್ಕಿಂತ ಹೆಚ್ಚಿಗೆ ತುಂಬಿಸಿ. ಇದನ್ನು ಮೆಷಿನ್‌ಗಿಂತ ಮುಂಚೆ ಮಾಡಿಸಬೇಕು. ಆಮೇಲೆ ಮಾಡಿಸಿದರೆ ಮತ್ತೆ ಅಂಗಿ ದೊಗಳೆ. ಇನ್ನೊಂದು, ಖಾಲಿ ಕೋಣೆಯ ವೆಂಟ್ ಮುಚ್ಚುವ ಅಭ್ಯಾಸ ಇದ್ದರೆ ಬಿಡಿ. ಒತ್ತಡ ಏರುತ್ತದೆ ಅಷ್ಟೆ, ಉಳಿತಾಯ ಏನೂ ಇಲ್ಲ.

ಗ್ಯಾಸಾ, ಹೀಟ್ ಪಂಪಾ? ಹೀಟ್ ಪಂಪ್ ಅಂದರೆ ಹಿಂದೆ ಮುಂದೆ ಎರಡೂ ಕಡೆ ಓಡಬಲ್ಲ ಎಸಿ. ಚಳಿಗಾಲದಲ್ಲಿ ಹೊರಗಿನ ಶಾಖವನ್ನು ಎಳೆದು ಒಳಗೆ ತರುತ್ತದೆ. ಒಂದು ಯೂನಿಟ್ ಕರೆಂಟ್ ತಿಂದು ಹದವಾದ ಚಳಿಯಲ್ಲಿ ಮೂರು ಯೂನಿಟ್ ಶಾಖ ಕೊಡುತ್ತದೆ, ಜೋರು ಚಳಿಯಲ್ಲಿ ಎರಡಕ್ಕೆ ಇಳಿಯುತ್ತದೆ. ಯಾವುದು ಅಗ್ಗ ಅನ್ನುವುದು ನಿಮ್ಮ ಬಿಲ್ಲಿನಲ್ಲಿದೆ. 95 ಶೇಕಡಾ ಫರ್ನೇಸಿನಲ್ಲಿ ಒಂದು ಥರ್ಮ್ ಗ್ಯಾಸ್ ಕೊಡುವ ಶಾಖಕ್ಕೆ, ಮೂರು ಪಟ್ಟು ಕೊಡುವ ಹೀಟ್ ಪಂಪ್‌ಗೆ 9.3 ಯೂನಿಟ್ ಕರೆಂಟ್ ಬೇಕು. ಎರಡು ಪಟ್ಟಾದರೆ 14 ಹತ್ತಿರ. ಯೂನಿಟ್‌ಗೆ 20 ಸೆಂಟ್ ಅಂದುಕೊಂಡರೆ ಮೊದಲನೆಯದು 1 ಡಾಲರ್ 86 ಸೆಂಟ್, ಎರಡನೆಯದು 2 ಡಾಲರ್ 80 ಸೆಂಟ್. ನಿಮ್ಮ ಗ್ಯಾಸ್ ಒಂದು ಥರ್ಮ್‌ಗೆ ಎಷ್ಟು ಬೀಳುತ್ತದೆ, ಡೆಲಿವರಿ ಚಾರ್ಜ್ ಸೇರಿಸಿ ನೋಡಿ. ಎಣ್ಣೆ ಅಥವಾ ಪ್ರೊಪೇನ್ ಉರಿಸುವವರಿಗೆ, ಚಾವಣಿ ಮೇಲೆ ಸೋಲಾರ್ ಇರುವವರಿಗೆ, ಕ್ಯಾಲಿಫೋರ್ನಿಯಾದಂಥ ಎಳೆ ಚಳಿಯ ಕಡೆ ಇರುವವರಿಗೆ ನಾನು ಎರಡು ಮಾತಿಲ್ಲದೆ ಹೀಟ್ ಪಂಪ್ ಅನ್ನುತ್ತೇನೆ. ಪೈಪಿನಲ್ಲಿ ಗ್ಯಾಸ್ ಬರುವ ಎಡಿಸನ್ ಮನೆಗೆ ಅಷ್ಟು ಸುಲಭವಾಗಿ ಹೇಳಲಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನ್ನೂ ಹಾಕಿಸುತ್ತಿದ್ದೆ. ಎಸಿ ಹೇಗೂ ಕೊಳ್ಳಬೇಕು. ಅದರ ಬದಲು ಹೀಟ್ ಪಂಪ್ ಕೊಂಡು, ಕೆಳಗೆ ಚಿಕ್ಕ ಗ್ಯಾಸ್ ಫರ್ನೇಸ್ ಇಡಿ. ಅಕ್ಟೋಬರ್, ಏಪ್ರಿಲ್‌ನಲ್ಲಿ ಹೀಟ್ ಪಂಪ್ ನೋಡಿಕೊಳ್ಳುತ್ತದೆ. ಹೊರಗೆ 35 ಡಿಗ್ರಿಗಿಂತ ಕೆಳಗೆ ಹೋದಾಗ ಅದು ಸುಮ್ಮನಾಗಿ ಫರ್ನೇಸ್ ಹತ್ತಿಕೊಳ್ಳುತ್ತದೆ. ಎಷ್ಟಕ್ಕೆ ಬದಲಾಗಬೇಕು ಎಂದು ಥರ್ಮೋಸ್ಟಾಟ್‌ನಲ್ಲಿ ನೀವೇ ಇಡಬಹುದು. ಗ್ಯಾಸ್ ದರ ಏರಿದರೆ ಆ ಅಂಕಿ ಇಳಿಸಿದರಾಯಿತು. ಆದರೆ ಎಸಿಗೂ ಹೀಟ್ ಪಂಪ್‌ಗೂ ಬೆಲೆಯ ಅಂತರ ಸಾವಿರ-ಎರಡು ಸಾವಿರ ಡಾಲರ್ ದಾಟಿದರೆ ಬರೀ ಎಸಿ ಸಾಕು, ಬೇಜಾರು ಬೇಡ. ಅಪ್ಪ-ಅಮ್ಮನಿಗೆ ಒಂದು ಮಾತು ಮೊದಲೇ ಹೇಳಿಡಿ. ಹೀಟ್ ಪಂಪಿನ ಗಾಳಿ ಫರ್ನೇಸಿನಷ್ಟು ಬಿಸಿ ಬರುವುದಿಲ್ಲ, ಉಗುರುಬೆಚ್ಚಗೆ ಬರುತ್ತದೆ. ವೆಂಟ್ ಮುಂದೆ ಕೈ ಹಿಡಿದು ಇದು ಕೆಟ್ಟಿದೆ ಅಂದಾರು.

ಫರ್ನೇಸ್ 33,000 ಲೆಕ್ಕಕ್ಕೆ 40,000 ಬಿಟಿಯುನದು ಸಾಕು. 96 ಶೇಕಡಾದ್ದಾದರೆ 38,400 ಕೊಡುತ್ತದೆ. ಅದರ ಬ್ಲೋವರ್ ಮೂರು ಟನ್‌ನ ಗಾಳಿ ತಳ್ಳುವಷ್ಟು ದೊಡ್ಡದಿದೆಯಾ ಎಂದು ಮಾತ್ರ ಕೇಳಿ. ಧೈರ್ಯ ಸಾಲದಿದ್ದರೆ 60,000ದ, ಕಡಿಮೆ-ಹೆಚ್ಚು ಎರಡು ಹಂತದಲ್ಲಿ ಉರಿಯುವುದನ್ನು ತಗೊಳ್ಳಿ. ಒಂದು ಲಕ್ಷದ್ದು ಮಾತ್ರ ಬೇಡವೇ ಬೇಡ.

ಇಲ್ಲಿ ಒಂದು ಕಡೆ ಹೆಚ್ಚಿನವರು ಎಡವುತ್ತಾರೆ. ಹಳೆ ಫರ್ನೇಸ್, ನೀರು ಕಾಯಿಸುವ ಗ್ಯಾಸ್ ಹೀಟರ್ ಎರಡೂ ಒಂದೇ ಚಿಮಣಿಗೆ ಹೊಗೆ ಬಿಡುತ್ತಿರುತ್ತವೆ. ಹೊಸ 96 ಶೇಕಡಾ ಫರ್ನೇಸಿನ ಹೊಗೆ ಪ್ಲಾಸ್ಟಿಕ್ ಪೈಪಿನಲ್ಲಿ ಗೋಡೆಯಿಂದ ಆಚೆ ಹೋಗುತ್ತದೆ. ಆಗ ನೀರಿನ ಹೀಟರ್ ಆ ದೊಡ್ಡ ಚಿಮಣಿಯಲ್ಲಿ ಒಂಟಿ. ಅದರ ಸಣ್ಣ ಹೊಗೆಗೆ ಚಿಮಣಿ ಬಿಸಿಯಾಗುವುದಿಲ್ಲ, ಹೊಗೆ ಮೇಲೆ ಏರುವುದಿಲ್ಲ. ಅದರ ಮೇಲೆ ನಾವು ಚಳಿಗಾಲದಲ್ಲಿ ಕಿಟಕಿ ಎಲ್ಲ ಮುಚ್ಚಿ, ಒಗ್ಗರಣೆ ಘಾಟಿಗೆ ಒಲೆ ಮೇಲಿನ ಫ್ಯಾನ್ ಜೋರಾಗಿ ಹಾಕುತ್ತೇವೆ. ಫ್ಯಾನ್ ಮನೆಯ ಗಾಳಿ ಎಳೆಯುತ್ತದೆ, ಹೀಟರ್ ಹೊಗೆ ಕೆಳಗೆ ಬರುತ್ತದೆ. ಮತ್ತೆ ಊದುಬತ್ತಿ ತೆಗೆಯಿರಿ. ಅಡುಗೆಮನೆ ಫ್ಯಾನ್, ಬಚ್ಚಲ ಫ್ಯಾನ್ ಎಲ್ಲ ಹಾಕಿ, ಬಿಸಿನೀರು ಬಿಟ್ಟು, ಹೀಟರ್ ಹೊತ್ತಿಕೊಂಡು ಐದು ನಿಮಿಷ ಆದ ಮೇಲೆ ಅದರ ತಲೆಯ ಮೇಲಿನ ಟೊಪ್ಪಿಗೆಯ ಸಂದಿಗೆ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡರೆ ಸರಿ. ಆಚೆ ತಳ್ಳಿದರೆ ಫ್ಯಾನ್, ಹೀಟರ್ ಎರಡನ್ನೂ ಬಂದ್ ಮಾಡಿ, ಕಿಟಕಿ ತೆಗೆದು, ಬಲ್ಲವರನ್ನು ಕರೆಸಿ. ಹೊಸ ಫರ್ನೇಸಿನ ಕೊಟೇಷನ್‌ನಲ್ಲಿ ಚಿಮಣಿಗೆ ಲೈನರ್, ಅಂದರೆ ಅದರೊಳಗೆ ಇಳಿಸುವ ಚಿಕ್ಕ ಕೊಳವೆ, ಸೇರಿದೆಯಾ ಎಂದು ಕೇಳಿ. 12,900ರ ಕೊಟೇಷನ್‌ನಲ್ಲಿ ಅದು ಇಲ್ಲ. ಅಗ್ಗದ ಗುಟ್ಟು ಸ್ವಲ್ಪ ಅಲ್ಲೇ ಇದೆ.

ಬ್ರ್ಯಾಂಡ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕ್ಯಾರಿಯರ್, ಬ್ರಯಂಟ್ ಒಂದೇ ಮನೆಯವು. ಟ್ರೇನ್, ಅಮೆರಿಕನ್ ಸ್ಟ್ಯಾಂಡರ್ಡ್ ಹಾಗೇ. ಗುಡ್‌ಮನ್, ಅಮಾನಾ ಎರಡೂ ಡೈಕಿನ್ ಕೈಯಲ್ಲಿವೆ. 2025ರಿಂದ ಹೊಸದಾಗಿ ತಯಾರಾಗುವ ಮೆಷಿನ್‌ಗಳಲ್ಲಿ ತಂಪಿನ ಗ್ಯಾಸ್ ಆರ್-454ಬಿ ಅಥವಾ ಆರ್-32 ಇರುತ್ತದೆ. ಹಳೆ ಸ್ಟಾಕಿನ ಆರ್-410ಎ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಆರ್-22 ಕಥೆಯನ್ನೇ ಇನ್ನೊಂದು ಸಲ ನೋಡಬೇಕಾಗುತ್ತದೆ. ಹೀಟ್ ಪಂಪ್‌ಗೆ ಸಿಗುತ್ತಿದ್ದ 2,000 ಡಾಲರ್‌ವರೆಗಿನ ಕೇಂದ್ರ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಮೂರನೆಯವರ ಕೊಟೇಷನ್‌ನಲ್ಲಿ ಅದನ್ನು ಕಳೆದು ಬೆಲೆ ತೋರಿಸಿದ್ದಾರೆ, ಗಮನಿಸಿ. ನಿಮ್ಮ ಕರೆಂಟ್, ಗ್ಯಾಸ್ ಕಂಪನಿಗಳ ರಿಬೇಟ್ ಏನಾದರೂ ಇದೆಯಾ ಎಂದು ಸಹಿಗೆ ಮುಂಚೆಯೇ ವಿಚಾರಿಸಿ, ಕೆಲಸ ಮುಗಿದ ಮೇಲೆ ಅಲ್ಲ.

ಹೊಸ ಕೊಟೇಷನ್‌ನಲ್ಲಿ ಫರ್ನೇಸ್, ಕಾಯಿಲ್, ಹೊರಗಿನ ಯೂನಿಟ್ ಮೂರರ ಮಾಡೆಲ್ ನಂಬರೂ ಇರಬೇಕು. ಮೂರೂ ಜೋಡಿ ಎಂದು ತೋರಿಸುವ, ತಯಾರಕರ ಸಂಘ ಎಎಚ್‌ಆರ್‌ಐ ಕೊಡುವ ನಂಬರ್ ಇರಬೇಕು. ಟೌನ್‌ಶಿಪ್ ಪರ್ಮಿಟ್ ಯಾರು ತೆಗೆಯುತ್ತಾರೆ ಎಂದಿರಬೇಕು. ಪರ್ಮಿಟ್ ಬೇಡ, ಸುಮ್ನೆ ಖರ್ಚು ಅನ್ನುವವರನ್ನು ಬಾಗಿಲಲ್ಲೇ ಕಳಿಸಿ. ತಾಮ್ರದ ಹಳೆ ಪೈಪಿನಲ್ಲಿ ಆರ್-22ರ ಎಣ್ಣೆ ಕೂತಿರುತ್ತದೆ, ಅದನ್ನು ಬದಲಿಸಬೇಕು. ಗೋಡೆಯೊಳಗೆ ಸಿಕ್ಕಿಕೊಂಡಿದ್ದರೆ ಕೊನೇಪಕ್ಷ ತೊಳೆಯಬೇಕು. ಫಿಲ್ಟರ್‌ಗೆ ಒಂದಿಂಚಿನದರ ಬದಲು ನಾಲ್ಕಿಂಚಿನ ಪೆಟ್ಟಿಗೆ ಕೇಳಿ. ನಮ್ಮ ಅಡುಗೆಯ ಜಿಡ್ಡಿಗೆ ಒಂದಿಂಚಿನದು ಬೇಗ ಕಟ್ಟಿಕೊಳ್ಳುತ್ತದೆ. ಚಳಿಗಾಲದಲ್ಲಿ ವಯಸ್ಸಾದವರ ತುಟಿ, ಮೂಗು ಒಣಗುತ್ತವೆ. ಫರ್ನೇಸಿಗೆ ಒಂದು ಹ್ಯುಮಿಡಿಫೈಯರ್ ಈಗಲೇ ಸೇರಿಸಿದರೆ ಕೂಲಿ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ರಿಜಿಸ್ಟರ್ ಮಾಡಿ. ಹೆಚ್ಚಿನ ಕಂಪನಿಗಳಲ್ಲಿ 60 ಅಥವಾ 90 ದಿನದೊಳಗೆ ಮಾಡದಿದ್ದರೆ ಹತ್ತು ವರ್ಷದ ವಾರಂಟಿ ಐದಕ್ಕೆ ಇಳಿಯುತ್ತದೆ.

ಸೆಪ್ಟೆಂಬರ್ ಕೊನೆಗೆ ದಿನ ಗೊತ್ತು ಮಾಡಿ. ಸೆಕೆಯ ಗಲಾಟೆ ಮುಗಿದಿರುತ್ತದೆ, ಚಳಿ ಶುರುವಾಗಿರುವುದಿಲ್ಲ, ಕೆಲಸದವರಿಗೆ ಪುರುಸೊತ್ತು ಇರುತ್ತದೆ. ಆ ದಿನ ನೀವು ಮನೆಯಲ್ಲಿರಿ. ಪೈಪ್ ಬೆಸುಗೆ ಆದ ಮೇಲೆ ನೈಟ್ರೋಜನ್ ತುಂಬಿ ಸೋರಿಕೆ ನೋಡುತ್ತಾರೆ, ಆಮೇಲೆ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಲ್ಲ ಎಳೆಯುತ್ತಾರೆ. ಒಳಗೆ ಉಳಿದ ಒತ್ತಡ ತೋರಿಸುವ ಮೈಕ್ರಾನ್ ಮೀಟರಿನಲ್ಲಿ ಅಂಕಿ ಇಳಿಯುತ್ತಾ 500ಕ್ಕಿಂತ ಕೆಳಗೆ ಹೋಗಬೇಕು. ಪಂಪ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೂ ಅಂಕಿ ಸರ್ರನೆ ಮೇಲೆ ಏರಬಾರದು. ಇದಕ್ಕೆ ಒಂದೊಂದು ಸಲ ಒಂದು ಗಂಟೆ ಹಿಡಿಯುತ್ತದೆ, ಅದೂ ಸಂಜೆ ಎಲ್ಲರಿಗೂ ಮನೆಗೆ ಹೋಗುವ ಅವಸರ ಇರುವ ಹೊತ್ತಿನಲ್ಲಿ. ಆಗ ಅವರಿಗೆಲ್ಲ ಒಂದೊಂದು ಲೋಟ ಕಾಫಿ ಮಾಡಿ ಕೊಟ್ಟು, ನೀವೂ ಒಂದು ಲೋಟ ಹಿಡಿದು ಆ ಮೀಟರ್ ಪಕ್ಕ ನಿಂತುಕೊಳ್ಳಿ.